ಲೋಬಾ, ಓಜಿಯೆನಾ? ಗುಬ್ಬಿ ಗೇಟಿನ ಪಂಕ್ಚರ್ ಅಂಗಡಿ ಜಗಳ

ಗುಬ್ಬಿ ಗೇಟ್ ಹತ್ತಿರ ನನ್ನ ಸ್ನೇಹಿತನದ್ದೊಂದು ಪಂಕ್ಚರ್ ಅಂಗಡಿ ಇದೆ. ನಿನ್ನೆ ಬೈಕಿನ ಹಿಂದಿನ ಚಕ್ರ ಬಿಚ್ಚಿಸಿಕೊಂಡು ಅಲ್ಲೇ ಕೂತಿದ್ದೆ. ಟ್ಯೂಬನ್ನು ನೀರಲ್ಲಿ ಅದ್ದಿ, ಗುಳ್ಳೆ ಎಲ್ಲಿಂದ ಏಳುತ್ತದೆ ಅಂತ ನೋಡುತ್ತಲೇ ಕೇಳಿದ, "ಈಗ ಇಬ್ರಿಗೂ ಒಂಬತ್ತೊಂಬತ್ತು ಆಯ್ತಲ್ಲ ಗುರು, ಈಗೇನು ಹೇಳ್ತೀಯ?"

ಒಂಬತ್ತು ಅಂದರೆ ಕಾರುಗಳ ವರ್ಲ್ಡ್ ರ್ಯಾಲಿ ಚಾಂಪಿಯನ್ ಪಟ್ಟ. ಸೆಬಾಸ್ಟಿಯನ್ ಲೋಬ್ 2004ರಿಂದ 2012ರವರೆಗೆ ಒಂದು ವರ್ಷವೂ ಬಿಡದೆ ಒಂಬತ್ತು ಸಲ ಗೆದ್ದ. ಸೆಬಾಸ್ಟಿಯನ್ ಓಜಿಯೆ 2025ರಲ್ಲಿ ಒಂಬತ್ತನೆಯದನ್ನು ಗೆದ್ದು ಲೆಕ್ಕ ಸರಿ ಮಾಡಿದ. ಹೆಸರೂ ಒಂದೇ, ದೇಶವೂ ಒಂದೇ, ಫ್ರಾನ್ಸ್. ಇನ್ನು ಜಗಳ ಆಗದೆ ಇರುತ್ತಾ?

ನನ್ನ ವೋಟು ಲೋಬ್‌ಗೆ. ಮೊದಲಿಂದ ಹಾಗಿರಲಿಲ್ಲ. ಹುಡುಗನಾಗಿದ್ದಾಗ ಕಾಲಿನ್ ಮೆಕ್‌ರೇ ಬಿಟ್ಟರೆ ಬೇರೆ ಡ್ರೈವರೇ ಇಲ್ಲ ಅಂದುಕೊಂಡಿದ್ದೆ. ಬ್ರೌಸಿಂಗ್ ಸೆಂಟರಲ್ಲಿ ಅವನ ಹೆಸರಿನ ಗೇಮ್ ಆಡಿ ಬೆಳೆದವರೆಲ್ಲ ಹಾಗೇ. ನೀಲಿ ಸುಬಾರು, ಅದರ ಮೇಲೆ ಹಳದಿಯಲ್ಲಿ 555. ಆದರೆ ಅವನು ಚಾಂಪಿಯನ್ ಆಗಿದ್ದು 1995ರಲ್ಲಿ ಒಂದೇ ಸಲ. ಕಾರು ಪಲ್ಟಿ ಹೊಡೆಸಿದ್ದೂ ಕಡಿಮೆ ಏನಲ್ಲ. ಪ್ರೀತಿ ಬೇರೆ, ಲೆಕ್ಕ ಬೇರೆ ಬಿಡಿ.

ಲೆಕ್ಕ ಹಾಕೋದು ಹೇಗೆ ಅನ್ನೋದನ್ನ ನಾನು ಕಲಿತಿದ್ದು ನಮ್ಮಪ್ಪನ ಲಾರಿಯಲ್ಲಿ. ತಿಪಟೂರಿಂದ ಕೊಬ್ಬರಿ ಲೋಡ್ ಹೊಡೆಯುತ್ತಿದ್ದರು. ಮಂಡಿಯ ಸಂದಿಯಲ್ಲಿ ಲಾರಿ ರಿವರ್ಸ್ ತಗೊಳ್ಳುವಾಗ ಅಪ್ಪ ಕನ್ನಡಿ ನೋಡುತ್ತಿದ್ದುದೇ ಅಪರೂಪ. ಹಿಂದೆ ನಿಂತ ಕ್ಲೀನರ್ ಲಾರಿ ಬಾಡಿಯ ಮೇಲೆ ಎರಡು ಸಲ ತಟ್ಟಿದರೆ ಬರಲಿ, ಒಂದೇ ಸಲ ತಟ್ಟಿದರೆ ನಿಲ್ಲು. ಗೋಡೆಗೂ ಲಾರಿಗೂ ನಾಲ್ಕು ಬೆರಳು ಜಾಗ. ಅಷ್ಟು ನಂಬಿಕೆ. ಹೊಸ ಕ್ಲೀನರ್ ಬಂದ ವಾರವೆಲ್ಲ ಅಪ್ಪ ಬೇರೆಯೇ ಡ್ರೈವರ್ ಆಗಿಬಿಡುತ್ತಿದ್ದರು. ನಿಧಾನ, ಅನುಮಾನ, ಸುಮ್ನೆ ಸಿಡುಕು.

ರ್ಯಾಲಿಯೂ ಇದೇ ಅಲ್ವಾ? ರೇಸಿಗೆ ಮೊದಲು ಅದೇ ದಾರಿಯಲ್ಲಿ ನಿಧಾನಕ್ಕೆ ಎರಡು ಸಲ ಹೋಗಿ, ಒಂದೊಂದು ತಿರುವನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅದೇ ಪೇಸ್ ನೋಟ್ಸ್. ರೇಸಿನ ದಿನ ನ್ಯಾವಿಗೇಟರ್ ಓದುತ್ತಾ ಹೋಗುತ್ತಾನೆ, ಡ್ರೈವರ್ ಕಣ್ಣಿಗೆ ಕಾಣದ ತಿರುವಿಗೆ ಸ್ಟೀರಿಂಗ್ ತಿರುಗಿಸುತ್ತಾನೆ. ನಮ್ಮ ತುಮಕೂರು ಕಡೆ ಕೆ1000 ರ್ಯಾಲಿ ನಡೆದಾಗ ಹೊಲದ ಬದುವಿನ ಮೇಲೆ ನಿಂತು ನೋಡಿದ್ದೇನೆ. ದಿಬ್ಬದ ಆಚೆ ದಾರಿ ಎಡಕ್ಕೆ ಹೋಗುತ್ತೋ ಬಲಕ್ಕೆ ಹೋಗುತ್ತೋ ನಿಂತ ನಮಗೇ ಕಾಣುತ್ತಿರಲಿಲ್ಲ. ಕಾರು ದಿಬ್ಬ ಹತ್ತುವ ಮೊದಲೇ ಬಾಲ ಬೀಸಿ ಎಡಕ್ಕೆ ಮಲಗಿತ್ತು. ಆಮೇಲೆ ಹತ್ತು ನಿಮಿಷ ಬರೀ ಧೂಳು.

ಹಾಗಾಗಿ ನಾನು ಪಟ್ಟ ಎಷ್ಟು ಅಂತ ಕೇಳಲ್ಲ. ಪಕ್ಕದ ಸೀಟು ಬದಲಾದಾಗ ಏನಾಯ್ತು ಅಂತ ಕೇಳುತ್ತೇನೆ.

ಈ ಪ್ರಶ್ನೆ ನನ್ನ ವಿರುದ್ಧವೇ ತಿರುಗುತ್ತದೆ ಅಂತ ಗೊತ್ತು. ಲೋಬ್‌ನ ಒಂಬತ್ತೂ ಪಟ್ಟ ಸಿಟ್ರೊಯೆನ್ ಕಾರಲ್ಲೇ ಬಂದವು, ಪಕ್ಕದಲ್ಲಿ ಡೇನಿಯಲ್ ಎಲೆನಾ ಒಬ್ಬನೇ. ಓಜಿಯೆ ಫೋಕ್ಸ್‌ವ್ಯಾಗನ್‌ನಲ್ಲಿ ನಾಲ್ಕು, ಫೋರ್ಡ್‌ನಲ್ಲಿ ಎರಡು, ಟೊಯೋಟಾದಲ್ಲಿ ಮೂರು ಗೆದ್ದ. ಎಂಟು ಪಟ್ಟ ಜೂಲಿಯನ್ ಇಂಗ್ರಾಸಿಯಾ ಜೊತೆ, ಕೊನೆಯದು ವಿನ್ಸೆಂಟ್ ಲಾಂಡೆ ಜೊತೆ. ಅದೂ ಪೂರ್ತಿ ಸೀಸನ್ ಓಡದೆ. ಪಂಕ್ಚರ್ ಅಂಗಡಿಯವನ ವಾದ ಇದೇ. ಗಟ್ಟಿ ವಾದವೇ.

ಆದರೆ 2022ರ ಮಾಂಟೆ ಕಾರ್ಲೋ ರ್ಯಾಲಿ ನೋಡಿ. ಲೋಬ್‌ಗೆ 47 ವರ್ಷ. ಕಾರು ಫೋರ್ಡ್ ಪೂಮಾ, ಆ ರ್ಯಾಲಿಯಲ್ಲೇ ಶುರುವಾದ ಹೊಸ ಹೈಬ್ರಿಡ್ ಕಾರು. ಪಕ್ಕದಲ್ಲಿ ಎಲೆನಾ ಇಲ್ಲ, ಇಸಾಬೆಲ್ ಗಾಲ್ಮಿಶ್ ಅನ್ನುವ ಗಣಿತದ ಮೇಡಂ. ಎದುರಾಳಿ ಇದೇ ಓಜಿಯೆ. ಲೋಬ್ 10.5 ಸೆಕೆಂಡಲ್ಲಿ ಗೆದ್ದ. ಅದು ಅವನ 80ನೇ ಗೆಲುವು.

"ಲೇ, ಓಜಿಯೆ ಟೈರ್ ಪಂಕ್ಚರ್ ಆಗಿತ್ತು" ಅಂದ ಇವನು. ಆಗಿತ್ತು, ನಿಜ. ಕೊನೆಗೆ ಒಂದು ಸ್ಟೇಜ್, ಅಂದರೆ ಟೈಮ್ ಲೆಕ್ಕ ಹಾಕುವ ಒಂದು ತುಂಡು ದಾರಿ, ಉಳಿದಿರುವಾಗ. ಅಲ್ಲಿಯವರೆಗೆ ಮುಂದೆ ಇದ್ದವನು ಅವನೇ. ಆದರೆ ದಿನವಿಡೀ ಪಂಕ್ಚರ್ ಹಾಕುವವನೇ ಪಂಕ್ಚರಿಗೆ ಡ್ರೈವರ್ ಹೊಣೆಯಲ್ಲ ಅಂದರೆ ಹೇಗೆ ಸ್ವಾಮಿ? ಅಪ್ಪನ ಮುಂದೆ ಹಾಗೆ ಹೇಳಿದ್ದರೆ ಕಲ್ಲು ಕಂಡಿತ್ತೋ ಇಲ್ವೋ ಅಂತ ಬೈಯುತ್ತಿದ್ದರು.

ಇನ್ನೊಂದು ಹೇಳಲೇಬೇಕು. 2006ರಲ್ಲಿ ಲೋಬ್ ಸೈಕಲ್ಲಿಂದ ಬಿದ್ದು ಕೈ ಮುರಿದುಕೊಂಡು ಕೊನೆಯ ನಾಲ್ಕು ರ್ಯಾಲಿ ತಪ್ಪಿಸಿಕೊಂಡ. ಆದರೂ ಒಂದೇ ಒಂದು ಪಾಯಿಂಟಲ್ಲಿ ಎದುರಾಳಿ ಗ್ರೋನ್‌ಹೋಮ್‌ಗಿಂತ ಮೇಲೆ ಉಳಿದು ಚಾಂಪಿಯನ್ ಆದ. ಹಿಂದಿನ ವರ್ಷ ಕಾರ್ಸಿಕಾದಲ್ಲಿ ಹನ್ನೆರಡಕ್ಕೆ ಹನ್ನೆರಡೂ ಸ್ಟೇಜ್ ಅವನವೇ. ಹಿಮದ ಸ್ವೀಡನ್ ರ್ಯಾಲಿಯನ್ನು ಉತ್ತರ ಯುರೋಪಿನ ಆ ಹಿಮದ ದೇಶಗಳವರೇ ಹಂಚಿಕೊಳ್ಳುತ್ತಿದ್ದರು. 2004ರಲ್ಲಿ ಅದನ್ನು ಗೆದ್ದ ಮೊದಲ ಹೊರಗಿನವನೂ ಇವನೇ. ಮರಳುಗಾಡಿನ ಡಕಾರ್ ರ್ಯಾಲಿ ಗೆದ್ದಿಲ್ಲ ಅಂತ ಯಾರಾದರೂ ಎತ್ತಬಹುದು. ಮೂರು ಸಲ ಎರಡನೇ ಸ್ಥಾನ, ಒಪ್ಪಿದೆ. ಅದು ಬೇರೆ ಆಟ.

ಹಳೇ ಚಾಂಪಿಯನ್ ವಾಲ್ಟರ್ ರೋರ್ಲ್ ಹೆಸರು ಹೇಳುವವರ ಜೊತೆ ಮಾತ್ರ ನಾನು ಜಗಳಕ್ಕಿಳಿಯಲ್ಲ. ನಾಲ್ಕು ಮಾಂಟೆ ಕಾರ್ಲೋ, ನಾಲ್ಕು ಬೇರೆ ಕಂಪನಿ ಕಾರು: ಫಿಯಟ್, ಓಪೆಲ್, ಲಾನ್ಸಿಯಾ, ಔಡಿ. ಮಿಶೆಲ್ ಮೂಟೋನ್ 1982ರಲ್ಲಿ ಮೂರು ರ್ಯಾಲಿ ಗೆದ್ದು ಇದೇ ರೋರ್ಲ್ ಹಿಂದೆ ಎರಡನೆಯವಳಾದಳು. ಅವಳನ್ನು ಬಿಟ್ಟು ಪಟ್ಟಿ ಮಾಡುವವರ ಜೊತೆ ಜಗಳ ಮಾಡುತ್ತೇನೆ.

ಅಷ್ಟರಲ್ಲಿ ಅವನು ಪ್ಯಾಚ್ ಒತ್ತಿ, ಚಕ್ರ ಹಾಕಿ, ಗಾಳಿ ಹೊಡೆದು, ದುಡ್ಡು ಈಸಿಕೊಂಡ. ಜಗಳ ಮಾಡುತ್ತಾ ಕೆಲಸ ಮಾಡಿದರೆ ಏನಾಗುತ್ತೆ? ಇವತ್ತು ಬೆಳಿಗ್ಗೆ ನೋಡಿದರೆ ಚಕ್ರ ಮತ್ತೆ ಕೂತಿದೆ. ಸಂಜೆ ಬೈಕ್ ತಳ್ಳಿಕೊಂಡು ಮತ್ತೆ ಗುಬ್ಬಿ ಗೇಟಿಗೇ ಹೋಗಬೇಕು.