ಕತ್ತಲೆ ಅರಸಿ ಹೋದವರಿಗೆ ಸಿಕ್ಕಿದ್ದು ಜನರೇಟರ್ ಸದ್ದು

ಕಾರವಾರದಲ್ಲಿ ನಮ್ಮ ಮನೆ ಇರುವುದು ರಾಷ್ಟ್ರೀಯ ಹೆದ್ದಾರಿ 66ರ ಮಗ್ಗುಲಲ್ಲಿ. ರಾತ್ರಿ ಎರಡು ಗಂಟೆಗೂ ಟ್ರಕ್ಕುಗಳ ಹಾರ್ನ್ ಕಿಟಕಿಯ ಗಾಜನ್ನು ನಡುಗಿಸುತ್ತದೆ, ಬೀದಿದೀಪದ ಬೆಳಕು ಪರದೆ ದಾಟಿ ಹಾಸಿಗೆಯ ಮೇಲೆ ಬೀಳುತ್ತದೆ. ಇಂಥ ಕಡೆ ಬದುಕುವವರು ವರ್ಷಕ್ಕೊಮ್ಮೆ ಎರಡು ರಾತ್ರಿಯಾದರೂ ಸದ್ದಿಲ್ಲದ ಕಡೆ, ನಿಜವಾದ ಕತ್ತಲೆಯಲ್ಲಿ ಮಲಗಿ ಬರಬೇಕೆಂದು ಬಯಸಿದರೆ ಅದೇನೂ ದೊಡ್ಡ ಆಸೆಯಲ್ಲ. ಆ ಆಸೆಯನ್ನು ಈ ಮೇ ತಿಂಗಳ ಕೊನೆಯ ವಾರದಲ್ಲಿ ಹೇಗೆ ಹಾಳುಗೆಡವಲಾಯಿತು ಎಂಬುದನ್ನು ಬರೆಯದೆ ನನಗೆ ಸಮಾಧಾನವಾಗುವುದಿಲ್ಲ.

ಕದ್ರಾ ದಾಟಿ ಘಟ್ಟ ಹತ್ತಿದ ಮೇಲೆ, ಜೊಯಿಡಾ ತಾಲೂಕಿನ ಕಾಡಿನ ನಡುವೆ ಇರುವ ಒಂದು ಟೆಂಟ್ ಶಿಬಿರದಲ್ಲಿ ಎರಡು ತಿಂಗಳ ಮೊದಲೇ ಪೂರ್ತಿ ಹಣ ಕಟ್ಟಿ ಜಾಗ ಹಿಡಿದಿದ್ದೆವು. ಕಲ್ಲುಕಟ್ಟೆಯ ಮೇಲೆ ಕಟ್ಟಿದ ಟೆಂಟು, ಒಳಗೆ ಎರಡು ಮಂಚ, ಒಂದು ಸೌರ ಲಾಟೀನು, ಸ್ನಾನಕ್ಕೆ ಹಂಡೆಯಲ್ಲಿ ಕಾಯಿಸಿದ ನೀರು, ಅಷ್ಟೇ. ಕರೆಂಟಿಲ್ಲ, ಮೊಬೈಲ್ ಸಿಗ್ನಲ್ ಇಲ್ಲ. ಇದು ಕೊರತೆ ಎಂದು ನಾವು ಒಮ್ಮೆಯೂ ಅಂದುಕೊಳ್ಳಲಿಲ್ಲ, ಏಕೆಂದರೆ ನಾವು ಹಣ ಕೊಟ್ಟದ್ದೇ ಈ ಇಲ್ಲಗಳಿಗಾಗಿ. ರಾತ್ರಿ ಒಂಬತ್ತರ ಮೇಲೆ ಗಟ್ಟಿಯಾಗಿ ಮಾತಾಡುವಂತಿಲ್ಲ, ಪ್ರಖರ ದೀಪ ಹಚ್ಚುವಂತಿಲ್ಲ, ವಾಹನವನ್ನು ಗೇಟಿನ ಹೊರಗೇ ಬಿಡಬೇಕು ಎಂದು ಅವರೇ ಫೋನಿನಲ್ಲಿ ಎರಡೆರಡು ಸಲ ಹೇಳಿದ್ದರು. ಗೇಟಿನ ಬೋರ್ಡಿನ ಮೇಲೂ ಅದೇ ಮಾತು ಬರೆದಿತ್ತು. ನಮ್ಮ ಕಾರನ್ನು ಹೊರಗೆ ನಿಲ್ಲಿಸಿ, ಬ್ಯಾಗುಗಳನ್ನು ಹೆಗಲಿಗೇರಿಸಿ, ಉಂಬಳ ಹತ್ತದಂತೆ ಕಾಲಿಗೆ ಹೊಗೆಸೊಪ್ಪಿನ ನೀರು ಬಳಿದುಕೊಂಡು ನಡೆದೇ ಒಳಗೆ ಹೋದೆವು.

ಮೇ ಕೊನೆಯ ವಾರವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ನನ್ನ ಒಂಬತ್ತು ವರ್ಷದ ಮಗಳು. ಮುಂಗಾರಿಗೆ ಮೊದಲು ಒಂದೆರಡು ಅಡ್ಡಮಳೆ ಬಿದ್ದ ಮೇಲೆ ಪಶ್ಚಿಮ ಘಟ್ಟದ ಕಾಡಿನಲ್ಲಿ ಮಿಂಚುಹುಳುಗಳು ಏಳುತ್ತವೆ. ಒಂದು ಮರದಲ್ಲಿ ಸಾವಿರಾರು ಹುಳುಗಳು ಕೂತು, ಒಟ್ಟಿಗೇ ಬೆಳಗಿ ಒಟ್ಟಿಗೇ ಆರುವುದನ್ನು ನಾನು ಚಿಕ್ಕವನಿದ್ದಾಗ ಅಜ್ಜನ ಮನೆಯ ತೋಟದಂಚಿನಲ್ಲಿ ನೋಡಿದ್ದೇನೆ. ಈಗ ಅಲ್ಲಿಯೂ ಬೀದಿದೀಪ ಬಂದಿದೆ. ಆ ಮಿನುಗು ಅವುಗಳ ಮಾತು. ಗಂಡು ಮಿನುಗಿ ಕರೆದರೆ ಹೆಣ್ಣು ಮಿನುಗಿಯೇ ಉತ್ತರ ಕೊಡಬೇಕು. ಮರಿಹುಳುವಾಗಿ ಎಲೆಗಸದ ಒದ್ದೆ ನೆಲದಲ್ಲಿ ಬಸವನಹುಳುಗಳನ್ನು ತಿಂದು ಬೆಳೆಯುವ ಈ ಜೀವಕ್ಕೆ ರೆಕ್ಕೆ ಬಂದ ಮೇಲೆ ಉಳಿಯುವುದು ಕೆಲವೇ ವಾರಗಳ ಆಯುಷ್ಯ. ಅಷ್ಟರೊಳಗೆ ಜೋಡಿ ಸಿಗದಿದ್ದರೆ ಅದರ ಸಂತತಿ ಅಲ್ಲಿಗೆ ಮುಗಿಯಿತು. ಆದ್ದರಿಂದ ಅವುಗಳಿಗೆ ಕತ್ತಲೆ ನಮ್ಮ ಅನ್ನದಷ್ಟೇ ಅಗತ್ಯ. ಇದನ್ನೆಲ್ಲ ಮಗಳಿಗೆ ದಾರಿಯುದ್ದಕ್ಕೂ ಹೇಳುತ್ತ ಹೋಗಿದ್ದೆ.

ಏಳೂವರೆಯ ಹೊತ್ತಿಗೆ ಹಳ್ಳದಾಚೆಯ ಮರಗಳಲ್ಲಿ ಮೊದಲ ಮಿನುಗು ಕಾಣಿಸಿತು. ಮಗಳು ನನ್ನ ಅಂಗಿಯ ತೋಳನ್ನು ಹಿಡಿದುಕೊಂಡು ಉಸಿರು ಬಿಗಿಹಿಡಿದು ನಿಂತಿದ್ದಳು. ಹತ್ತು, ಇಪ್ಪತ್ತು, ಆಮೇಲೆ ಎಣಿಸಲಾಗದಷ್ಟು. ಆಗಲೇ ಗೇಟಿನ ಕಡೆಯಿಂದ ಹೆಡ್‌ಲೈಟಿನ ಬೆಳಕು ಮರಗಳ ಮೇಲೆ ಬಿತ್ತು. ಮಲಗಲು, ಅಡುಗೆ ಮಾಡಲು ಒಳಗೇ ಅನುಕೂಲವಿರುವ ಒಂದು ದೊಡ್ಡ ಕ್ಯಾಂಪರ್ ವ್ಯಾನ್ ನೇರವಾಗಿ ಟೆಂಟುಗಳ ನಡುವಿನ ಬಯಲಿಗೆ ಬಂದು ನಿಂತಿತು. ಅದರ ಚಾವಣಿಯ ಅಂಚಿನ ಸುತ್ತ ಎಲ್‌ಇಡಿ ಪಟ್ಟಿ ಹತ್ತಿಕೊಂಡಿತು, ಹಿಂಬದಿಯಿಂದ ಜನರೇಟರ್ ಶುರುವಾಯಿತು. ವ್ಯಾನಿನ ಎಸಿಗೆ ಅದು ಬೇಕಂತೆ. ಘಟ್ಟದ ಮೇಲಿನ ಕಾಡಿನಲ್ಲಿ, ನಾವು ಸ್ವೆಟರ್ ಹಾಕಿಕೊಂಡು ಕೂತಿದ್ದ ರಾತ್ರಿಯಲ್ಲಿ ಎಸಿ! ಕ್ಷಣಾರ್ಧದಲ್ಲಿ ಹಳ್ಳದಾಚೆಯ ಮರಗಳು ಬರಿಯ ಬೂದುಬಣ್ಣದ ಮರಗಳಾಗಿಬಿಟ್ಟವು. "ಅಪ್ಪಾ, ಅವು ಎಲ್ಲಿ ಹೋದವು?" ಎಂದು ಮಗಳು ಕೇಳಿದಳು. ಅವು ಎಲ್ಲಿಗೂ ಹೋಗಿರಲಿಲ್ಲ, ಅಲ್ಲೇ ಇದ್ದವು. ಅವುಗಳ ಬೆಳಕು ನಮಗೂ ಕಾಣದಂತೆ, ಒಂದಕ್ಕೊಂದು ಕಾಣದಂತೆ ಆಗಿತ್ತು.

ಹೋಗಿ ವಿನಯದಿಂದಲೇ ಕೇಳಿದೆ. ವ್ಯಾನಿನವರು, ತಾವು ನಮಗಿಂತ ಹೆಚ್ಚು ಹಣ ಕೊಟ್ಟಿದ್ದೇವೆ, ವಾಹನ ಒಳಗೆ ತರಬಹುದೆಂದು ಒಪ್ಪಿಗೆ ಪಡೆದೇ ಬಂದಿದ್ದೇವೆ ಎಂದರು. ಶಿಬಿರದ ಉಸ್ತುವಾರಿಯವರನ್ನು ಕೇಳಿದರೆ ಬಂದ ಉತ್ತರ ಒಂದೇ: "ಒಂದು ರಾತ್ರಿ ಅಡ್ಜಸ್ಟ್ ಮಾಡಿಕೊಳ್ಳಿ ಸರ್." ಈ ಅಡ್ಜಸ್ಟ್ ಎಂಬ ಮಾತಿನಷ್ಟು ನನ್ನನ್ನು ಕೆರಳಿಸಿದ್ದು ಬೇರೊಂದಿಲ್ಲ. ನಿಯಮ ಪಾಲಿಸಿ ಕಾರನ್ನು ಹೊರಗೆ ಬಿಟ್ಟು ನಡೆದು ಬಂದವರು ಹೊಂದಿಕೊಳ್ಳಬೇಕು, ಅದೇ ನಿಯಮವನ್ನು ಚಕ್ರದಡಿ ಹಾಕಿ ಬಂದವರು ಒಂದು ಗುಂಡಿ ಒತ್ತಿ ದೀಪ ಆರಿಸಲೂ ಸಿದ್ಧರಿಲ್ಲ ಎಂದರೆ, ಆ ಬೋರ್ಡನ್ನು ಅಲ್ಲಿ ನೆಟ್ಟದ್ದಾದರೂ ಏತಕ್ಕೆ?

ಹತ್ತು ಗಂಟೆಗೆ ಮತ್ತೆ ಹೋದೆ, ಹನ್ನೊಂದಕ್ಕೆ ಮತ್ತೊಮ್ಮೆ. ಆಗ ವ್ಯಾನಿನ ಬಾಗಿಲೇ ತೆರೆಯಲಿಲ್ಲ. ಶಬ್ದ ಮಾಲಿನ್ಯ ನಿಯಂತ್ರಣಕ್ಕೆ 2000ನೇ ಇಸವಿಯಲ್ಲಿ ಬಂದ ನಿಯಮಗಳು ಊರಿನ ವಸತಿ ಪ್ರದೇಶಕ್ಕೂ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್‌ನ ಮಿತಿ ಹಾಕಿವೆ. ಊರಿಗೇ ಇಷ್ಟು ಕಟ್ಟುಪಾಡು ಇರುವಾಗ, ಕಡವೆಯೊಂದು ಹುಲಿ ಚಿರತೆಯ ಸುಳಿವು ಹಿಡಿದು ಕೂಗಿದರೆ ಅದು ಉಳಿದ ಪ್ರಾಣಿಗಳಿಗೆಲ್ಲ ಕೇಳಬೇಕಾದ ಕಾಡಿನಲ್ಲಿ, ಬೆಳಗಿನ ಜಾವ ಮೂರೂವರೆಯವರೆಗೆ ಆ ಜನರೇಟರ್ ಗುರುಗುಟ್ಟುತ್ತಲೇ ಇತ್ತು. ಟೆಂಟಿನ ಬಟ್ಟೆಗೆ ಗೋಡೆಯ ದಪ್ಪವಿರುವುದಿಲ್ಲ. ಮಂಚದ ಕಬ್ಬಿಣದ ಕಾಲಿನಲ್ಲಿಯೂ ಅದರ ನಡುಕ ಕೈಗೆ ಸಿಗುತ್ತಿತ್ತು. ಡೀಸೆಲ್ ಹೊಗೆಯ ವಾಸನೆಗೆ ನನ್ನ ಹೆಂಡತಿಗೆ ತಲೆನೋವು ಬಂದು, ಆಕೆ ಒದ್ದೆ ಟವೆಲನ್ನು ಮುಖದ ಮೇಲೆ ಹಾಕಿಕೊಂಡು ರಾತ್ರಿ ಕಳೆದಳು. ಇಂಧನ ಮುಗಿದದ್ದರಿಂದ ಅದು ನಿಂತಿತೇ ಹೊರತು ಯಾರೂ ನಿಲ್ಲಿಸಿದ್ದಲ್ಲ.

ನಮಗೆ ಊಟ ತಂದುಕೊಡುತ್ತಿದ್ದ ಹುಡುಗ ಅಲ್ಲಿಯದೇ ಹಳ್ಳಿಯವನು, ಕುಣಬಿ ಸಮುದಾಯದವನು. ತನ್ನ ಮನೆಗೆ ಇನ್ನೂ ಕರೆಂಟು ಬಂದಿಲ್ಲ, ಕಾಡಿನ ಮೂಲಕ ಕಂಬ ಹಾಕಲು ಅನುಮತಿ ಸಿಕ್ಕಿಲ್ಲ ಎಂದು ಅವನು ತಲೆತಗ್ಗಿಸಿ ಹೇಳಿದ. ಜೊಯಿಡಾ ತಾಲೂಕಿನ ಅಣಶಿ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ್ದು 1987ರಲ್ಲಿ. 2007ರಲ್ಲಿ ಅದೂ ದಾಂಡೇಲಿ ಅಭಯಾರಣ್ಯವೂ ಸೇರಿ ಹುಲಿ ಸಂರಕ್ಷಿತ ಪ್ರದೇಶವಾದವು, 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರು ಬಂತು. ಇಷ್ಟು ವರ್ಷಗಳಿಂದ ಆ ಕಾಡಿನ ಜನ ಒಂದು ರಸ್ತೆಗೆ, ಒಂದು ಕಾಲುಸಂಕಕ್ಕೆ, ಒಂದು ತಂತಿಗೆ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದಾರೆ. ಕಾಡು ಉಳಿಯಬೇಕೆಂಬ ಕಾರಣಕ್ಕೆ ಅವರ ಮಕ್ಕಳು ಚಿಮಣಿ ಬುಡ್ಡಿಯಲ್ಲಿ ಓದಬೇಕಾದರೆ, ಎರಡು ದಿನಕ್ಕೆ ಬಂದು ಹೋಗುವವರ ಜನರೇಟರಿಗೆ ಅದೇ ಕಾಡಿನೊಳಗೆ ಒಪ್ಪಿಗೆ ಕೊಡುವ ಹಕ್ಕು ಯಾರಿಗಿದೆ? ನನಗಾದ ತೊಂದರೆ ಒಂದು ರಾತ್ರಿಯದು. ಆ ಹುಡುಗನ ಮುಂದೆ ನಿಂತಾಗ ನನಗೆ ಅದನ್ನು ದೂರೆಂದು ಹೇಳಿಕೊಳ್ಳಲೂ ಸಂಕೋಚವಾಯಿತು.

ಬೆಳಿಗ್ಗೆ ಹಳ್ಳಕ್ಕೆ ಮುಖ ತೊಳೆಯಲು ಹೋದಾಗ ಇನ್ನೊಂದು ಕಂಡಿತು. ವ್ಯಾನಿನ ಅಡಿಯಿಂದ ಒಂದು ಕೊಳವೆ ಎಳೆದು ಪಾತ್ರೆ ತೊಳೆದ ನೀರನ್ನು ನೇರವಾಗಿ ಹಳ್ಳದ ಇಳಿಜಾರಿಗೆ ಬಿಟ್ಟಿದ್ದರು. ಕಲ್ಲುಗಳ ನಡುವೆ ಸೋಪಿನ ನೊರೆ ಕೂತಿತ್ತು, ನೊರೆಯ ಮೇಲೆ ನಾಲ್ಕೈದು ನೂಡಲ್ಸ್ ಎಳೆ, ಪಕ್ಕದಲ್ಲಿ ಮೇಲೆ ಬರಲಾಗದೆ ಕಾಲಾಡಿಸುತ್ತಿದ್ದ ಒಂದು ಪುಟ್ಟ ಏಡಿ. ಅಲ್ಲಿಂದ ಹರಿಯುವ ಹಳ್ಳಗಳೆಲ್ಲ ಕೊನೆಗೆ ಸೇರುವುದು ಕಾಳಿ ನದಿಯನ್ನು. ಸದಾಶಿವಗಡದ ಬಳಿ ಆ ನದಿ ಸಮುದ್ರ ಸೇರುವುದನ್ನು ಮಗಳು ವಾರಕ್ಕೆರಡು ಸಲ ಸೇತುವೆಯ ಮೇಲಿನಿಂದ ನೋಡುತ್ತಾಳೆ. ಅವಳು ಏಡಿಯನ್ನು ಎಲೆಯಲ್ಲೆತ್ತಿ ಮೇಲ್ಗಡೆಯ ತಿಳಿನೀರಿನಲ್ಲಿ ಬಿಟ್ಟಳು.

ಅವರು ಎರಡು ದಿನ ಇರುತ್ತಾರೆ ಎಂದು ಗೊತ್ತಾದ ಮೇಲೆ ನಾವು ಎರಡನೇ ರಾತ್ರಿ ಉಳಿಯಲಿಲ್ಲ. ಉಳಿಯದ ರಾತ್ರಿಯ ಹಣ ಕೇಳಿದರೆ, ನೀವಾಗಿಯೇ ಹೊರಟಿದ್ದೀರಿ, ಹಿಂದಿರುಗಿಸಲು ಬರುವುದಿಲ್ಲ ಎಂದರು. ಲಿಖಿತ ದೂರು ಕೊಟ್ಟು ಮೂರು ವಾರವಾಯಿತು, ಉತ್ತರವಿಲ್ಲ. ಹಣ ಹೋದರೆ ಹೋಗಲಿ, ನಾನು ಕೇಳುತ್ತಿರುವುದು ಬೇರೆ: ಟೆಂಟಿನ ಜಾಗಕ್ಕೆ ಜನರೇಟರ್ ಇರುವ ವಾಹನವನ್ನು ಬಿಡುವುದಾದರೆ ಅದನ್ನು ಹಣ ಪಡೆಯುವ ಮೊದಲೇ ಹೇಳಲಿ, ಬಿಡುವುದಿಲ್ಲ ಎಂದಾದರೆ ಗೇಟಿನಲ್ಲಿಯೇ ತಡೆಯಲಿ, ಬಂದವರು ಎಷ್ಟೇ ಹಣ ಕೊಟ್ಟಿರಲಿ.

ಈಗ ಮಳೆ ಹಿಡಿದಿದೆ, ಈ ವರ್ಷದ ಮಿಂಚುಹುಳುಗಳ ಕಾಲ ಮುಗಿದಿದೆ. ಮಗಳು ಆ ರಾತ್ರಿ ಮೊದಲ ಮಿನುಗು ಕಂಡಿದ್ದು ಎಷ್ಟು ಹೊತ್ತು ಎಂದು ಮೊನ್ನೆ ಕೇಳಿದಳು. ಹತ್ತು ನಿಮಿಷವೂ ಇರಲಿಲ್ಲ.