ಅಮ್ಮ ಯಾಕೆ ‘ತಪ್ಪಾಯ್ತು ಸಾರ್’ ಅನ್ನಬೇಕಿತ್ತು?

ಸರ್ಕಾರಿ ಕೆಲಸದಲ್ಲಿ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಕೊನೆತನಕ ಓದಿ. ಅರ್ಧಕ್ಕೇ ಬಿಟ್ಟು ‘ಎಲ್ಲರೂ ಹಾಗಿರಲ್ಲ’ ಅಂತ ಬರೆಯಬೇಡಿ. ಎಲ್ಲರೂ ಹಾಗಿರಲ್ಲ ಅನ್ನೋದು ನನಗೂ ಗೊತ್ತು. ಆದರೆ ಇವತ್ತು ಕಂದಾಯ ಕಚೇರಿಯಲ್ಲಿ ನಮಗೆ ಸಿಕ್ಕವನು ಹಾಗಿದ್ದ. ಅವನ ಪಕ್ಕದಲ್ಲಿ ಕೂತವರು ಎಲ್ಲ ಕೇಳಿಸಿಕೊಂಡೂ ತಲೆ ಎತ್ತಲಿಲ್ಲ.

ನಾವು ಕೇಳಿದ್ದು ಪೌತಿ ಖಾತೆ, ಅಷ್ಟೇ. ಗೋಮಾಳ ಮಂಜೂರು ಮಾಡಿ ಅಂತ ಕೇಳಿಲ್ಲ. ಇನ್ನೊಬ್ಬರ ಬದು ಒತ್ತಿಲ್ಲ. ಅಪ್ಪನ ಹೆಸರಲ್ಲಿದ್ದ ಒಂದು ಎಕರೆ ಚಿಲ್ಲರೆ ಜಮೀನು ಅಮ್ಮನ ಹೆಸರಿಗೆ ಬರಬೇಕು. ಮರಣ ಪ್ರಮಾಣ ಪತ್ರ ಇದೆ, ವಂಶವೃಕ್ಷ ಇದೆ, ಪಹಣಿ ಇದೆ, ಆಧಾರ್ ಇದೆ. ಅಕ್ಕನೂ ನಾನೂ ಒಪ್ಪಿ ಸಹಿ ಹಾಕಿದ್ದೇವೆ. ತಕರಾರು ಮಾಡುವವರು ಒಬ್ಬರೂ ಇಲ್ಲ. ಇಲ್ಲದ ತಕರಾರು ಹುಟ್ಟಿಸೋದೇ ಇವರ ಕಸುಬು.

ಅವನು ಫೋನಿನಲ್ಲಿ ಇದ್ದ. ನಾವು ಮೇಜಿನ ಮುಂದೆ ನಿಂತಿದ್ದೆವು. ಕುರ್ಚಿ ಇತ್ತು, ಅದರ ಮೇಲೆ ಯಾರದೋ ಹೆಲ್ಮೆಟ್ ಇತ್ತು. ಅಮ್ಮನಿಗೆ ಮಂಡಿ ನೋವು, ಮೇಜಿನ ಅಂಚು ಹಿಡಿದು ನಿಂತಿದ್ದಳು. ‘ಕೈ ತೆಗಿ’ ಅಂದ. ಕೈ ತೆಗೆದಳು. ಫೋನ್ ಇಟ್ಟ. ನಮ್ಮ ಫೈಲ್ ಬಿಚ್ಚಲೂ ಇಲ್ಲ. ಪೆನ್ನಿನ ತುದಿಯಿಂದ, ಎಂಜಲೆಲೆ ತಳ್ಳುವ ಹಾಗೆ ನಮ್ಮ ಕಡೆ ತಳ್ಳಿದ.

‘ವಂಶವೃಕ್ಷ ಹಳೇದು. ಹೊಸದು ಮಾಡಿಸ್ಕೊಂಡು ಬಾ.’

‘ಸಾರ್, ಹೋದ ಸಲ ನೀವೇ ನೋಡಿ ಇದು ಸಾಕು ಅಂದಿದ್ರಿ’ ಅಂದೆ. ನನ್ನ ಮುಖವನ್ನೂ ನೋಡಲಿಲ್ಲ. ಅಮ್ಮನ ಕಡೆ ತಿರುಗಿದ. ‘ಏನಮ್ಮಾ, ಗಂಡ ಸತ್ತು ಇಷ್ಟು ದಿನ ಆಯ್ತಲ್ಲ, ಇಷ್ಟು ದಿನ ಏನ್ ಮಾಡ್ತಿದ್ದೆ? ಜಮೀನು ಬೇಕು ಅಂತ ಈಗ ನೆನಪಾಯ್ತಾ?’

ಇದನ್ನು ಅಷ್ಟೂ ಜನರ ಮುಂದೆ ಹೇಳಿದ. ನಮ್ಮೂರಿನವರೇ ಇಬ್ಬರು ಸಾಲಿನಲ್ಲಿದ್ದರು. ಅವನಿಗೆ ಹೆಚ್ಚೆಂದರೆ ನನ್ನ ವಯಸ್ಸು. ಅವನ ಅಮ್ಮನ ವಯಸ್ಸಿನ ಹೆಂಗಸಿಗೆ ಏಕವಚನ. ಅಪ್ಪ ಹೋದ ಮೇಲೆ ನಾವು ಯಾರೂ ಅಮ್ಮನ ಮುಂದೆ ಆ ಮಾತನ್ನು ಅಷ್ಟು ಬಿರುಸಾಗಿ ಆಡಿಲ್ಲ. ‘ಅಪ್ಪ ಇಲ್ಲ’ ಅನ್ನುತ್ತೇವೆ, ‘ಅಪ್ಪ ಹೋದ ಮೇಲೆ’ ಅನ್ನುತ್ತೇವೆ. ಇವನು ‘ಸತ್ತು’ ಅಂದ. ಅಮ್ಮ ಏನಂದಳು ಗೊತ್ತಾ? ‘ತಪ್ಪಾಯ್ತು ಸಾರ್’ ಅಂದಳು.

ಯಾವ ತಪ್ಪು? ಗಂಡನ ತಿಥಿ ಮುಗಿಸಿದ್ದು ತಪ್ಪಾ? ಕಾಗದ ಪತ್ರ ಒಂದೊಂದಾಗಿ ಹೊಂದಿಸಿದ್ದು ತಪ್ಪಾ? ಯಾರಾದರೂ ಹೇಳಿ.

ನನಗೆ ತಡೆಯಲಾಗಲಿಲ್ಲ. ‘ಸಾರ್, ಅರ್ಜಿ ತಗೊಳ್ಳಿ, ಸಕಾಲದ ಸ್ವೀಕೃತಿ ಕೊಡಿ. ಏನು ಕೊರತೆ ಇದೆಯೋ ಬರೆದು ಕೊಡಿ’ ಅಂದೆ. ಜೋರಾಗಿ ಹೇಳಲಿಲ್ಲ, ಮರ್ಯಾದೆಯಿಂದಲೇ ಕೇಳಿದೆ. ಆಗ ಮೊದಲ ಸಲ ನನ್ನ ಮುಖ ನೋಡಿದ. ‘ಓಹೋ, ಕಾನೂನು ಮಾತಾಡ್ತೀಯಾ? ಸರಿ. ಹಾಗಾದ್ರೆ ನಿಂದು ಕಾನೂನು ಪ್ರಕಾರನೇ ಮಾಡೋಣ ಬಿಡು.’

ಆ ಮಾತು ಕಿವಿಯಿಂದ ಹೋಗುತ್ತಿಲ್ಲ. ಕಾನೂನು ಪ್ರಕಾರ ಮಾಡ್ತೀನಿ ಅನ್ನೋದು ಒಬ್ಬ ಸರ್ಕಾರಿ ನೌಕರನ ಬಾಯಲ್ಲಿ ಬೆದರಿಕೆ ಆಗಿಹೋಗಿದೆ! ಸಂಬಳ ಕೊಡೋದು ಅದಕ್ಕೇ ಅಲ್ವಾ? ಅದನ್ನು ಕೇಳಿ ಪಕ್ಕದ ಮೇಜಿನವನು ನಕ್ಕ. ಅಮ್ಮ ನನ್ನ ಅಂಗಿ ತೋಳು ಹಿಡಿದು ಎಳೆದಳು.

ಸಕಾಲ ಕಾಯ್ದೆ ಬಂದಿದ್ದು 2011ರಲ್ಲಿ, ಜಾರಿಗೆ ಬಂದಿದ್ದು 2012ರ ಏಪ್ರಿಲ್‌ನಲ್ಲಿ. ಇಂಥ ಕೆಲಸ ಇಷ್ಟು ದಿನದೊಳಗೆ ಆಗಲೇಬೇಕು ಅಂತ ಗಡುವು ಇದೆ. ತಡವಾದರೆ ದಿನಕ್ಕೆ 20 ರೂಪಾಯಿ, ಎಲ್ಲ ಸೇರಿ 500 ರೂಪಾಯಿ ಮೀರದಂತೆ ಅರ್ಜಿದಾರನಿಗೆ ಪರಿಹಾರ. ಅದನ್ನು ತಪ್ಪು ಮಾಡಿದ ನೌಕರನಿಂದಲೇ ವಸೂಲು ಮಾಡಬಹುದು. ಕಾಯ್ದೆ ಒಳ್ಳೆಯದೇ. ಆದರೆ ಆ ಗಡಿಯಾರ ಓಡಲು ಶುರುವಾಗೋದು ಅರ್ಜಿ ಸ್ವೀಕರಿಸಿ ನಂಬರ್ ಕೊಟ್ಟಾಗ. ನಂಬರೇ ಕೊಡದಿದ್ದರೆ? ‘ಮೊದಲು ದಾಖಲೆ ಸರಿ ಇದೆಯಾ ನೋಡ್ತೀನಿ’ ಅಂತ ಫೈಲನ್ನು ಹಾಗೇ ಇಟ್ಟುಕೊಂಡರೆ? ಲೆಕ್ಕದಲ್ಲಿ ನಾವು ಕಚೇರಿಗೆ ಕಾಲೇ ಇಟ್ಟಿಲ್ಲ. ವಿಳಂಬವೂ ಇಲ್ಲ, ಪರಿಹಾರವೂ ಇಲ್ಲ. ವರದಿಯಲ್ಲಿ ಎಲ್ಲ ಅರ್ಜಿಗಳೂ ಸಕಾಲಕ್ಕೆ ವಿಲೇವಾರಿ.

ಇನ್ನು ಲಂಚದ ವಿಷಯ. ಅವನು ಬಾಯಿಬಿಟ್ಟು ಒಂದು ರೂಪಾಯಿಯನ್ನೂ ಕೇಳಲಿಲ್ಲ, ಅಷ್ಟು ಹುಷಾರು. ‘ಹೊರಗೆ ಟೀ ಅಂಗಡಿ ಹತ್ರ ಒಬ್ಬ ಹುಡುಗ ಇರ್ತಾನೆ, ಅರ್ಜಿ ಸರಿಯಾಗಿ ಬರೆದುಕೊಡ್ತಾನೆ’ ಅಂದ. ಆ ಹುಡುಗನಿಗೆ ನಮ್ಮ ಸರ್ವೆ ನಂಬರ್ ಆಗಲೇ ಗೊತ್ತಿತ್ತು! ‘ಐದು ಆಗುತ್ತಣ್ಣ, ಮೇಲಿನವರಿಗೂ ಹೋಗಬೇಕು’ ಅಂದ. ಐದು ಅಂದರೆ ಐದು ಸಾವಿರ. ಹೊಸ ವಂಶವೃಕ್ಷ ಬೇಕಾ ಅಂತ ಕೇಳಿದೆ. ‘ಅದೆಲ್ಲಾ ಬೇಡ, ಹಳೇದೇ ನಡೆಯುತ್ತೆ’ ಅಂದ.

ಕೊಡಲಿಲ್ಲ. ವಾಪಸ್ ಬಂದೆವು. ನಾಳೆ ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ.

ಆ ಕೋಣೆಯ ಗೋಡೆ ಮೇಲೆ ಒಂದು ಬೋರ್ಡ್ ಇದೆ. ‘ಲಂಚ ಕೇಳಿದರೆ ಲೋಕಾಯುಕ್ತಕ್ಕೆ ದೂರು ನೀಡಿ’ ಅಂತ ನೀಲಿ ಅಕ್ಷರ. ಕೆಳಗೆ ಫೋನ್ ನಂಬರ್ ಇರಬೇಕು. ಆ ಜಾಗಕ್ಕೆ ಸರಿಯಾಗಿ ಒಂದು ಕಬ್ಬಿಣದ ಬೀರು ತಂದು ನಿಲ್ಲಿಸಿದ್ದಾರೆ. ‘ಸಂಪರ್ಕಿಸಿ’ ಅನ್ನುವವರೆಗೆ ಓದಬಹುದು, ನಂಬರ್ ಬೀರುವಿನ ಹಿಂದೆ. ಬೀರುವಿನ ಮೇಲೆ ಹಳೇ ಪಹಣಿ ಕಟ್ಟುಗಳು, ದೂಳು. ಯಾರೋ ಬೇಕಂತಲೇ ಇಟ್ಟರೋ, ಜಾಗ ಇಲ್ಲದೆ ಇಟ್ಟರೋ ನಾನು ಹೇಳಲಾರೆ. ಆದರೆ ಸರಿಸಬೇಕು ಅಂತ ಯಾವ ಅಧಿಕಾರಿಗೂ ಅನ್ನಿಸಿಲ್ಲ.

ಪ್ರತಿ ವರ್ಷ ಅಕ್ಟೋಬರ್ ಕೊನೆಗೆ, ಸರ್ದಾರ್ ಪಟೇಲರ ಜನ್ಮದಿನ ಬರುವ ವಾರದಲ್ಲಿ, ಭ್ರಷ್ಟಾಚಾರದ ವಿರುದ್ಧ ಜಾಗೃತಿ ಸಪ್ತಾಹ ಮಾಡುತ್ತಾರೆ. ಸಾಲಾಗಿ ನಿಂತು, ಕೈ ಮುಂದೆ ಚಾಚಿ, ಲಂಚ ಕೊಡೋದಿಲ್ಲ, ತಗೊಳ್ಳೋದಿಲ್ಲ ಅಂತ ಪ್ರತಿಜ್ಞೆ. ಐಎಎಸ್ ಪರೀಕ್ಷೆಯಲ್ಲಿ 2013ರಿಂದ ನೀತಿ, ಪ್ರಾಮಾಣಿಕತೆ ಅಂತಲೇ 250 ಅಂಕದ ಪತ್ರಿಕೆ ಇದೆ. ನಮ್ಮ ರಾಜ್ಯದ ನೌಕರರಿಗೆ 2021ರಲ್ಲಿ ಹೊಸ ನಡತೆ ನಿಯಮ ಬಂದಿದೆ. ವರ್ಷಕ್ಕೊಮ್ಮೆ ಆಸ್ತಿ ವಿವರ ಕೊಡಬೇಕು. ಇಷ್ಟೆಲ್ಲ ಇದ್ದೂ ಟೀ ಅಂಗಡಿ ಹುಡುಗನಿಗೆ ನಮ್ಮ ಸರ್ವೆ ನಂಬರ್ ಹೇಗೆ ಗೊತ್ತಾಯ್ತು? ಒಬ್ಬ ತಹಶೀಲ್ದಾರರು, ಒಬ್ಬ ಉಪವಿಭಾಗಾಧಿಕಾರಿ, ಯಾರಾದರೂ ಒಬ್ಬರು ಇದಕ್ಕೆ ಉತ್ತರ ಕೊಡಿ. ನಿಮ್ಮ ಕಚೇರಿ ಗೇಟಿನ ಹೊರಗೆ ಯಾರು ಕೂತಿದ್ದಾರೆ ಅಂತ ನಿಮಗೆ ಗೊತ್ತಿಲ್ಲ ಅಂದರೆ ನಾನು ನಂಬಲ್ಲ.

ದೂರು ಕೊಡು ಅನ್ನುತ್ತಾರೆ ಸ್ನೇಹಿತರು. ಕೊಡಬೇಕು, ಕೊಡಲೇಬೇಕು. 1984ರ ಕಾಯ್ದೆಯಿಂದ ಲೋಕಾಯುಕ್ತ ಇದೆ. 2016ರಲ್ಲಿ ಎಸಿಬಿ, ಅಂದರೆ ಭ್ರಷ್ಟಾಚಾರ ನಿಗ್ರಹ ದಳ, ಅಂತ ಬೇರೆ ಮಾಡಿದರು, 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು, ಅಧಿಕಾರ ಮತ್ತೆ ಲೋಕಾಯುಕ್ತ ಪೊಲೀಸರಿಗೆ ಬಂತು. ಅಷ್ಟು ವರ್ಷ ಬೋರ್ಡ್ ಬದಲಾಯಿಸೋದರಲ್ಲೇ ಕಳೆಯಿತು, ಜನ ಲಂಚ ಕೊಡುತ್ತಲೇ ಹೋದರು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ ಮೇಲೆ ಲಂಚ ಕೊಡುವವನೂ ಅಪರಾಧಿ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ಹೇಳಬೇಕು. ನಮಗೆ 7 ದಿನ. ಅವನನ್ನು ಕೋರ್ಟಿಗೆ ನಿಲ್ಲಿಸಬೇಕಾದರೆ ಮೊದಲು ಸರ್ಕಾರದ ಮಂಜೂರಾತಿ ಬೇಕು. ಆ ಕಡತ ಓಡಾಡುವಷ್ಟು ದಿನ ನಾವು ಎಲ್ಲಿಗೆ ಹೋಗೋದು? ಅದೇ ಕಚೇರಿಗೇ ತಾನೇ?

ಭಾವ ಫೋನ್ ಮಾಡಿ ‘ಐದು ಸಾವಿರ ಬಿಸಾಕಿ ಕೈ ತೊಳ್ಕೊಳೋ, ಓಡಾಟಕ್ಕೇ ಅದಕ್ಕಿಂತ ಜಾಸ್ತಿ ಆಗುತ್ತೆ’ ಅಂದರು. ಲೆಕ್ಕ ಹಾಕಿದರೆ ಅವರು ಹೇಳಿದ್ದು ನಿಜ. ಒಂದು ದಿನ ರಜೆ ಹಾಕಿದರೆ ಸಂಬಳ ಕಟ್. ಅಮ್ಮನನ್ನು ಬಸ್ಸಿಗೆ ಹತ್ತಿಸಿ ಇಳಿಸುವ ಹೊತ್ತಿಗೆ ಅವಳ ಮಂಡಿ ಊದಿರುತ್ತೆ. ಬೆಳೆ ಸಾಲಕ್ಕೆ ಖಾತೆ ಬೇಕು, ಬ್ಯಾಂಕಿನವರು ಕಾಯಲ್ಲ. ಹೀಗೇ ಯೋಚಿಸುತ್ತಾ ಹೋದರೆ ಕೊಟ್ಟುಬಿಡೋಣ ಅನ್ನಿಸುತ್ತೆ. ಮರುಗಳಿಗೆಗೇ ‘ಕೈ ತೆಗಿ’ ಅಂದದ್ದು ನೆನಪಾಗುತ್ತೆ. ಅವನಿಗೆ ಒಂದು ಪೈಸೆ ಕೊಡಬಾರದು ಅನ್ನಿಸುತ್ತೆ.

ಅದೇ ಕಚೇರಿಯಲ್ಲಿ ಒಬ್ಬ ಮೇಡಂ ಇದ್ದಾರೆ. ನಾವು ಮೆಟ್ಟಿಲು ಇಳಿಯುವಾಗ ಹಿಂದೆಯೇ ಬಂದು, ‘ಅಮ್ಮಾ, ಈ ವಂಶವೃಕ್ಷವೇ ಸಾಕು, ಸುಮ್ನೆ ಅಲೆಯಬೇಡಿ, ಬರೆದು ಕೊಡೋಕೆ ಹೇಳಿ’ ಅಂದರು. ಹೇಳಿ ಬಾಗಿಲ ಕಡೆ ಒಂದು ಸಲ ತಿರುಗಿ ನೋಡಿದರು. ಸರಿಯಾದ ಮಾತು ಹೇಳೋಕೆ ಅವರು ಹೆದರಬೇಕು. ಅವನು ಫ್ಯಾನಿನ ಕೆಳಗೆ ಕಾಲು ಚಾಚಿ ಕೂತಿರುತ್ತಾನೆ. ಸರಿಯಾಗಿ ನಡೆದುಕೊಳ್ಳುವವರ ಹೆದರಿಕೆ ಸುಮ್ಮನೆ ಅಲ್ಲ. ಕೆಜಿಎಫ್‌ನಲ್ಲಿ ಹುಟ್ಟಿ, ಮೈಸೂರಿನಲ್ಲಿ ಓದಿದ ಷಣ್ಮುಗಂ ಮಂಜುನಾಥ್ ಇಂಡಿಯನ್ ಆಯಿಲ್‌ನಲ್ಲಿ ಅಧಿಕಾರಿ ಆಗಿದ್ದರು. ಉತ್ತರ ಪ್ರದೇಶದಲ್ಲಿ ಕಲಬೆರಕೆ ಮಾಡುತ್ತಿದ್ದ ಪೆಟ್ರೋಲ್ ಬಂಕ್ ಮುಚ್ಚಿಸಿದ್ದಕ್ಕೆ 2005ರ ನವೆಂಬರ್‌ನಲ್ಲಿ ಅವರನ್ನು ಗುಂಡು ಹಾರಿಸಿ ಕೊಂದರು. ಆಗ ಅವರಿಗೆ 27 ವರ್ಷ. ಅಂಥವರೂ ಇದ್ದರು, ಈಗಲೂ ಇದ್ದಾರೆ. ಪ್ರತಿಜ್ಞೆ ಮಾಡಿಸುವ ಹೊತ್ತಿನಲ್ಲಿ ಆ ಮೇಡಂ ಹೆದರದೆ ಬಾಯಿ ಬಿಡುವ ಹಾಗೆ ಮಾಡಿ. ಅರ್ಜಿ ಕೈಗೆ ಬಂದ ಕೂಡಲೇ ನಂಬರ್ ಕೊಡುವುದನ್ನು ಕಡ್ಡಾಯ ಮಾಡಿ, ಕೊಡದವನ ಸಂಬಳ ಹಿಡಿಯಿರಿ. ಆ ಬೀರು ಸರಿಸಿ.

ಲೋಕಾಯುಕ್ತಕ್ಕೆ ಹೋಗಿ ಟ್ರ್ಯಾಪ್ ಮಾಡಿಸಿದವರು, ಅಂದರೆ ಲಂಚ ತಗೊಳ್ಳುವಾಗಲೇ ಹಿಡಿಸಿದವರು, ಯಾರಾದರೂ ಇದ್ದರೆ ಒಂದು ವಿಷಯ ಹೇಳಿ. ಅವನು ಸಿಕ್ಕಿಬಿದ್ದ ಅಂತಲೇ ಇಟ್ಟುಕೊಳ್ಳೋಣ. ಅವನ ಜಾಗಕ್ಕೆ ಬಂದವನು, ಅವನ ಪಕ್ಕದ ಮೇಜಿನವನು, ಆಮೇಲೆ ನಿಮ್ಮ ಫೈಲಿಗೆ ಸಹಿ ಹಾಕಿದರಾ? ಖಾತೆ ಆಯ್ತಾ? ಎಷ್ಟು ದಿನಕ್ಕೆ ಆಯ್ತು? ಅದು ಗೊತ್ತಾದರೆ ಅಮ್ಮನನ್ನು ಒಪ್ಪಿಸುತ್ತೇನೆ. ಅವಳು ದೂರು ಬೇಡ ಅನ್ನುತ್ತಿದ್ದಾಳೆ.