ಸ್ಪಷ್ಟನೆ: ವಾರಕ್ಕೊಂದು ಎಟಿಎಂ ಕಾರ್ಡ್ ತಿನ್ನುತ್ತಿದ್ದೇವಾ?

"ನಾವು ಪ್ರತಿ ವಾರ ಒಂದು ಎಟಿಎಂ ಕಾರ್ಡಿನಷ್ಟು, ಅಂದರೆ 5 ಗ್ರಾಂ ಪ್ಲಾಸ್ಟಿಕ್ ತಿನ್ನುತ್ತಿದ್ದೇವೆ" ಅನ್ನುವ ಸಂದೇಶ ವಾಟ್ಸಾಪಿನಲ್ಲಿ ಸುತ್ತುತ್ತಲೇ ಇದೆ. ಕೇಳಿದರೆ ಗಾಬರಿಯಾಗುತ್ತದೆ, ಅಲ್ವಾ? ಆದರೆ ಆ ಲೆಕ್ಕ ನಿಲ್ಲುವುದಿಲ್ಲ.

ಇದರ ಮೂಲ 2019ರ ಒಂದು ವರದಿ. ವನ್ಯಜೀವಿ ಸಂರಕ್ಷಣೆಯ ಡಬ್ಲ್ಯೂಡಬ್ಲ್ಯೂಎಫ್ ಸಂಸ್ಥೆಗಾಗಿ ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು ಮಾಡಿದ ಅಂದಾಜು ಅದು. ಅವರದೇ 2021ರ ಪ್ರಬಂಧದಲ್ಲಿ ಇರುವುದು ವಾರಕ್ಕೆ 0.1ರಿಂದ 5 ಗ್ರಾಂ ಎಂದು. ಸಂದೇಶದಲ್ಲಿ ಉಳಿದದ್ದು ಗರಿಷ್ಠವಾದ 5 ಮಾತ್ರ.

ಆ ತಂಡಕ್ಕೆ ಸೇರದ ವಿಜ್ಞಾನಿಗಳು ಎತ್ತಿದ ತಕರಾರು ಇನ್ನೂ ದೊಡ್ಡದು. ಆಹಾರ, ನೀರಿನಲ್ಲಿ ಸೇರುವ ಪ್ಲಾಸ್ಟಿಕ್ ಕಣಗಳನ್ನು ಎಣಿಸಿದ್ದು ಒಂದು ಕಡೆ, ತೂಕ ತಂದಿದ್ದು ಇನ್ನೊಂದು ಕಡೆಯ ದಪ್ಪ ಕಣಗಳಿಂದ. ಸಾಸಿವೆ ಎಣಿಸಿ ಕಡಲೆಕಾಳಿನ ತೂಕ ಹಾಕಿದ ಹಾಗೆ! ನೆದರ್‌ಲ್ಯಾಂಡ್ಸ್‌ನ ವಾಗೆನಿಂಗೆನ್ ವಿಶ್ವವಿದ್ಯಾಲಯದವರ 2021ರ ಲೆಕ್ಕದಲ್ಲಿ ದೊಡ್ಡವರೊಬ್ಬರ ಹೊಟ್ಟೆ ಸೇರುವುದು ವಾರಕ್ಕೆ ಸುಮಾರು 4 ಮೈಕ್ರೋಗ್ರಾಂ (ಒಂದು ಮೈಕ್ರೋಗ್ರಾಂ ಅಂದರೆ ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲು). ಹಾಗಾದರೆ ಒಂದು ಕಾರ್ಡ್ ಮುಗಿಸಲು 23 ಸಾವಿರ ವರ್ಷ ಬೇಕು. ಅವರೂ ಎಲ್ಲ ಆಹಾರವನ್ನು ಲೆಕ್ಕಕ್ಕೆ ತಗೊಂಡಿಲ್ಲ, ನಿಜ. ಆದರೂ ವ್ಯತ್ಯಾಸ ಹತ್ತು ಲಕ್ಷ ಪಟ್ಟಿಗೂ ಜಾಸ್ತಿ.

ಹಾಗಂತ ಪ್ಲಾಸ್ಟಿಕ್ ನಿರಪಾಯ ಅಂತ ಯಾರೂ ಹೇಳಿಲ್ಲ. ತಪ್ಪಿರುವುದು ಆ 5 ಗ್ರಾಂ.